ಬೂಬಣ್ಣನ ಪರವಾಗಿ

ಬೂಬಣ್ಣನ ಮಡದಿ ಅಪ್ಪಿಯಕ್ಕಾ, ಮಗಳು ರಾಜೀವಿ, ಬೆಂಗ್ರೆಯ ಬಂಧುಗಳೇ, ಹೊಳೆ ದಾಟಿ ಬಂದ ನಗರದ ಮಹನೀಯರೇ — ಎಲ್ಲರಿಗೂ ಕೈ ಮುಗಿಯುತ್ತೇನೆ. ಮೀನುಗಾರರ ಸಂಘದ ಪರವಾಗಿ ನಾಲ್ಕು ಮಾತು ಆಡಿ ಎಂದು ನನಗೆ ಹೇಳಿದ್ದಾರೆ. ಸಂಘದ ಪರವಾಗಿ ನಾನು ಮಾತಾಡುವುದಿಲ್ಲ. ಇವತ್ತು ಯಾರ ಪರವಾಗಿಯೂ ಮಾತಾಡುವುದಿಲ್ಲ. ಇದು ಬೂಬಣ್ಣನ ಪಕ್ಕದಲ್ಲಿ ನಿಂತು ಹಗ್ಗ ಎಳೆದವನೊಬ್ಬನ ಮಾತು. ತಪ್ಪಿದ್ದರೆ ಬೈಗುಳವೂ ನನಗೊಬ್ಬನಿಗೇ ಬರಲಿ.

ಬೂಬಣ್ಣ ಸೌಮ್ಯ ಸ್ವಭಾವದವರು ಎಂದು ನನಗಿಂತ ಮೊದಲು ಮಾತಾಡಿದವರು ಹೇಳಿದರು. ಎಂಥ ಸೌಮ್ಯ, ಮಾರಾಯರೇ? ಬಲೆ ಎಳೆಯುವಾಗ ಯಾರಾದರೂ ಕೈ ಸಡಿಲ ಬಿಟ್ಟರೆ ಅವರ ಬೈಗುಳ ಆಚೆ ದಡದ ಬಂದರಿನವರಿಗೂ ಕೇಳುತ್ತಿತ್ತು. "ಇದೆಂತ ಮದುವೆ ಊಟದ ಸಾಲಾ, ಸುಮ್ಮನೆ ನಿಲ್ಲಲಿಕ್ಕೆ? ಎಳಿ" — ಈ ಮಾತನ್ನು ಅವರ ಬಾಯಿಂದ ಕೇಳದವರು ಇಲ್ಲಿ ಯಾರಿದ್ದೀರಿ? ಅಂಥ ಬಾಯಿ. ಆ ಬಾಯಿ ಹೇಗೆ ಮುಚ್ಚಿತು ಎಂಬುದನ್ನು ಹೇಳದೆ ಅವರ ಪಟಕ್ಕೆ ಹೂ ಹಾಕುವುದು ನನ್ನಿಂದ ಆಗುವುದಿಲ್ಲ.

ನಗರದವರಿಗೆ ಒಂದು ವಿಷಯ ತಿಳಿಸಬೇಕು. ನಮ್ಮ ರಂಪಣಿ ಬಲೆ ಒಬ್ಬನದ್ದಲ್ಲ. ಪ್ರತಿ ಮನೆಯವರು ತಮ್ಮ ತಮ್ಮ ತುಂಡು ಹೆಣೆದು ತರುತ್ತಾರೆ. ತುಂಡಿಗೆ ತುಂಡು ಸೇರಿಸಿ ಕಟ್ಟಿದರೆ ಅದು ಬಲೆ. ದೋಣಿಯಲ್ಲಿ ಹೋಗಿ ಕಡಲಲ್ಲಿ ಸುತ್ತ ಬಿಟ್ಟು, ಎರಡು ಕೊನೆಯ ಹಗ್ಗ ಹಿಡಿದು, ಊರಿಗೆ ಊರೇ ದಡದಲ್ಲಿ ನಿಂತು ಎಳೆಯಬೇಕು. ಬಂದ ಮೀನು ಮನೆಮನೆಗೆ ಪಾಲು. ಆದರೆ ಹೊರಗಿನವರು ಬಂದು "ಯಜಮಾನ ಯಾರು" ಎಂದು ಕೇಳಿದರೆ ನಾವೆಲ್ಲ ಹಿಂದೆ ಸರಿದು ಹಿರಿಯನೊಬ್ಬನನ್ನು ಮುಂದೆ ತಳ್ಳುತ್ತೇವೆ. ಅದು ನಮ್ಮ ಮರ್ಯಾದೆ. ಹಿರಿಯರು ಇರುವಾಗ ಉಳಿದವರು ಬಾಯಿ ಹಾಕಬಾರದು.

ಯುದ್ಧದ ಕಾಲದಲ್ಲಿ ಮಿಲಿಟರಿಗೆ ಉಪ್ಪುಮೀನು ಬೇಕೆಂದು ಕಂಟ್ರಾಕ್ಟರ್ ಬಂದ. ಯಜಮಾನ ಯಾರು ಎಂದ. ಬೂಬಣ್ಣನನ್ನು ಮುಂದೆ ತಳ್ಳಿದೆವು. ಅವನು ತನ್ನ ಪುಸ್ತಕದಲ್ಲಿ ಬೂಬ ಎಂದು ಬರೆದುಕೊಂಡ. ಯುದ್ಧ ಮುಗಿಯಿತು. ಇನ್‌ಕಂ ಟ್ಯಾಕ್ಸಿನವರು ಕಂಟ್ರಾಕ್ಟರನ ಪುಸ್ತಕ ತಿರುವಿ ಹಾಕಿದರು. ನೋಟೀಸು ಬಂತು. ಬೆಂಗ್ರೆಗಲ್ಲ — ಬೂಬಣ್ಣನಿಗೆ.

ನೋಟೀಸು ಓದಲು ಬಾರದವನು ಓದಿದವನ ಹತ್ತಿರ ಹೋಗಬೇಕು. ನಗರದಲ್ಲಿ ಅಕೌಂಟೆಂಟ್ ಸಂಕಪ್ಪನವರು ಇದ್ದಾರೆ, ದೊಡ್ಡ ದೊಡ್ಡವರ ತೆರಿಗೆಯೆಲ್ಲ ಅವರೇ ನೋಡುವುದು ಎಂದು ಕೇಳಿ ಬೂಬಣ್ಣ, ಅವರ ನಂತರದ ಹಿರಿಯರಾದ ಸೇಸಪ್ಪಣ್ಣ, ನಾನು ಹೋದೆವು. ನಮ್ಮನ್ನು ಜಗಲಿಯಲ್ಲೇ ಕೂರಿಸಿದರು. "ಬಲೆ ಯಾರದ್ದು?" — ಒಳಗಿನಿಂದ ಪ್ರಶ್ನೆ ಬಂತು. ನಾವಿಬ್ಬರು ಬೂಬಣ್ಣನ ಬೆನ್ನಿಗೆ ಕೈ ಕೊಟ್ಟೆವು, ಹೀಗೆ. "ಇವರೇ ನಮ್ಮ ಹಿರಿಯರು" ಎಂದೆವು. ಕಾಗದ ಬಂತು, ಶಾಯಿ ಬಂತು.

"ಇದರಲ್ಲಿ ಎಂತ ಉಂಟು?" ಎಂದು ಬೂಬಣ್ಣ ಕೇಳಿದರು.

"ಎಂತ ಇಲ್ಲ. ತೆರಿಗೆ ವಿಷಯದಲ್ಲಿ ನಾನು ಹೇಳಿದ್ದು ನೀವು ಹೇಳಿದ ಹಾಗೆ, ಅಷ್ಟೇ. ಇನ್ನು ನೀವು ಆಫೀಸಿಗೆ ಬರಬೇಕಂತಿಲ್ಲ. ನಾನುಂಟಲ್ಲ."

ಅಷ್ಟೇ. ಬೂಬಣ್ಣ ಹೆಬ್ಬೆಟ್ಟು ಒತ್ತಿದರು. ಒಬ್ಬ ಮನುಷ್ಯನ ಬಾಯಿ ಇನ್ನೊಬ್ಬನ ಕೈಗೆ ಹೋಗಲು ಅಷ್ಟೇ ಸಾಕು.

ಮನೆಗೆ ಬಂದಾಗ ಅಪ್ಪಿಯಕ್ಕ ಮೀನಿನ ಬುಟ್ಟಿ ತೊಳೆಯುತ್ತಿದ್ದರು. ವಿಷಯ ಕೇಳಿ, ತಲೆ ಎತ್ತದೆ ಹೇಳಿದರು: "ಬಾಯಿಯನ್ನು ಆ ಜಗಲಿಯಲ್ಲಿ ಬಿಟ್ಟು ಬಂದ್ರಾ? ಹಾಗಾದ್ರೆ ಗಂಜಿ ಉಣ್ಣಲಿಕ್ಕೂ ಅವರನ್ನೇ ಕರೀರಿ." ನಾವು ನಕ್ಕೆವು. ಬೂಬಣ್ಣನೂ ನಕ್ಕರು.

ಬಲೆ ಯಾವ ಯಾವ ಮನೆಯದ್ದು ಎಂದು ಬರೆಯಬೇಕಾದರೆ ಸಂಕಪ್ಪನವರು ಹೊಳೆ ದಾಟಿ ಬಂದು ಮನೆಮನೆಯಲ್ಲಿ ಕೇಳಬೇಕಿತ್ತು. ಹೊಳೆ ದಾಟಿಸುವ ಕಡವಿನ ಝಕರಿಯಾ ದೋಣಿ ಕಟ್ಟಿಟ್ಟು ಕರೆಯಲು ಹೋದ. "ಆ ವಾಸನೆ ಬಟ್ಟೆಗೆ ಹಿಡಿದರೆ ಹೋಗುವುದಿಲ್ಲ ಮಾರಾಯ" ಎಂಬ ಉತ್ತರ ತಂದ. ಝಕರಿಯಾ ಅಲ್ಲಿ ಕುಳಿತಿದ್ದಾನೆ, ಸುಳ್ಳಾದರೆ ಹೇಳಲಿ. ಒಬ್ಬನ ಬಲೆ, ಒಬ್ಬನ ಮೀನು, ಒಬ್ಬನ ಆದಾಯ ಎಂದು ಬರೆದರೆ ಕುರ್ಚಿಯಿಂದ ಏಳದೆ ಕೆಲಸ ಮುಗಿಯುತ್ತದೆ. ಮುಗಿಸಿದರು. ಮನೆಮನೆಗೆ ಹಂಚಿದರೆ ಯಾರಿಗೂ ತೆರಿಗೆ ತಾಗದ ಸಂಪಾದನೆ, ಒಬ್ಬನ ತಲೆಗೆ ಕಟ್ಟಿದಾಗ ಅವನು ಸಾಹುಕಾರನಾದ. ಮನೆಯ ಮಾಡು ಸೋರುವ ಸಾಹುಕಾರ. ಕಟ್ಟಲು ಎಲ್ಲಿಂದ ತರುವುದು? ಜಪ್ತಿಗೆ ಬಂದರು. ಬೂಬಣ್ಣನ ತುಂಡನ್ನಲ್ಲ, ಊರಿನ ಎಲ್ಲ ತುಂಡುಗಳನ್ನೂ ಗಾಡಿಗೆ ತುಂಬಿಕೊಂಡು ಹೋದರು. ಆ ಬಲೆ ಈಗಲೂ ಸರಕಾರದ ಗೋದಾಮಿನಲ್ಲಿ ಇಲಿಗಳಿಗೆ ಹಾಸಿಗೆಯಾಗಿ ಬಿದ್ದಿದೆ. ಕಡಲಲ್ಲಿ ಮೀನು ಉಂಟು, ದಡದಲ್ಲಿ ನಾವು ಕೈ ಕಟ್ಟಿ ಕೂತಿದ್ದೇವೆ.

ಬೂಬಣ್ಣ ತೊಳೆದ ಮುಂಡು ಉಟ್ಟು ತೆರಿಗೆ ಆಫೀಸಿಗೆ ಹೋದರು. ನಾನೂ ಜೊತೆಗಿದ್ದೆ.

"ಸ್ವಾಮಿ, ಬಲೆ ನನ್ನದಲ್ಲ" ಎಂದರು.

"ನಿಮ್ಮದೇ ಎಂದು ನೀವು ಹೇಳಿದ್ದೀರಲ್ಲ."

"ನಾನು ಇಲ್ಲಿಗೆ ಬಂದದ್ದೇ ಇವತ್ತು."

ಆಫೀಸರು ಸಿಟ್ಟು ಮಾಡಲಿಲ್ಲ. ಕಾಗದ ತೋರಿಸಿದರು. "ನಿಮ್ಮಿಂದ ಅಧಿಕಾರ ಪಡೆದವರು ಹೇಳಿದ್ದಾರೆ. ಈ ಹೆಬ್ಬೆಟ್ಟು ನಿಮ್ಮದಲ್ಲವಾ?"

ಬೂಬಣ್ಣ ತಮ್ಮ ಹೆಬ್ಬೆರಳನ್ನು ನೋಡಿಕೊಂಡರು — ಹೀಗೆ, ಬೇರೆ ಯಾರದೋ ಬೆರಳನ್ನು ನೋಡುವ ಹಾಗೆ. "ನನ್ನದೇ" ಎಂದರು. ಇಲ್ಲ ಎನ್ನಲು ಅವರಿಗೆ ಬರುತ್ತಿರಲಿಲ್ಲ.

ಅಲ್ಲಿಂದ ಬಂದ ಮೇಲೆ ಅವರು ಒಂದೇ ಒಂದು ಮಾತು ಉಳಿಸಿಕೊಂಡು ಬಾಕಿಯೆಲ್ಲ ಬಿಟ್ಟರು. ಗಂಜಿ ಬೇಕಾ ಎಂದು ಅಪ್ಪಿಯಕ್ಕ ಕೇಳಿದರೆ, "ನನ್ನನ್ನು ಎಂತ ಕೇಳ್ತೀ? ಸಂಕಪ್ಪನವರನ್ನು ಕೇಳು" ಎಂದು ಗೋಡೆಯ ಕಡೆ ತಿರುಗುತ್ತಿದ್ದರು. ಮೊದಮೊದಲು ತಮಾಷೆ ಎಂದುಕೊಂಡೆವು. ಎಲ್ಲಿ ನೋವು ಎಂದು ಡಾಕ್ಟರು ಕೇಳಿದಾಗಲೂ ಅದೇ ಉತ್ತರ. ಡಾಕ್ಟರು ಎದೆಯ ಕಾಯಿಲೆ ಎಂದು ಬರೆದರು. ಇರಬಹುದು.

ಸಂಕಪ್ಪನವರೇ — ನೀವು ಮುಂದಿನ ಕುರ್ಚಿಯಲ್ಲಿ ಕುಳಿತಿದ್ದೀರಿ. ಹೊಳೆ ದಾಟಿ ಬಂದದ್ದಕ್ಕೆ ವಂದನೆ. ಹಾರ ತಂದಿದ್ದೀರಿ. ಹಾರದ ಜೊತೆ ಇನ್ನೊಂದು ಕಾಗದವನ್ನೂ ತಂದಿದ್ದೀರಿ. ಬೂಬಣ್ಣ ತೀರಿಹೋದದ್ದರಿಂದ ಹಳೆಯ ಅಧಿಕಾರವೂ ತೀರಿಹೋಯಿತು, ಈಗ ಸೇಸಪ್ಪಣ್ಣ ಹೆಬ್ಬೆಟ್ಟು ಒತ್ತಿದರೆ ಅಪೀಲು ಮಾಡಿ ಬಲೆ ಬಿಡಿಸುತ್ತೇನೆ ಎಂದು ಸಭೆಗೆ ಮೊದಲು ಅವರಿಗೆ ಹೇಳಿದಿರಿ. ಒಂದು ಪ್ರಶ್ನೆ. ಕೊಟ್ಟ ಅಧಿಕಾರವನ್ನು ಬದುಕಿರುವಾಗಲೇ, ಬೇಡ ಎಂದು ಒಂದು ಸಾಲು ಬರೆಸಿ ಹಿಂದೆ ಪಡೆಯಬಹುದು ಎಂದು ಬೂಬಣ್ಣನಿಗೆ ನೀವು ಯಾಕೆ ಹೇಳಲಿಲ್ಲ? ನಿಮಗೆ ಗೊತ್ತಿತ್ತು. ಅದನ್ನು ಹಿಂದೆ ಪಡೆಯಲು ಬೂಬಣ್ಣ ಸಾಯಬೇಕಾಯಿತು.

ನಮ್ಮ ಪರವಾಗಿ ಮಾತಾಡಲು ನಿಮಗೆ ಹಕ್ಕು ಕೊಟ್ಟವರು ಯಾರು ಎಂದು ಬಿಳಿಯರನ್ನು ಕೇಳಿ ನಾನು ಜೈಲು ನೋಡಿ ಬಂದೆ. ಬಂದು ನೋಡಿದರೆ ಅದೇ ಹಕ್ಕನ್ನು ನಾವು ಜಗಲಿಯಲ್ಲಿ ಕೂತು, ಶಾಯಿ ಹಚ್ಚಿ, ಕೈ ಮುಗಿದು ಕೊಡುತ್ತಿದ್ದೇವೆ.

ಲೆಕ್ಕ ಬರೆಯುವವರು ಬೇಡ ಎನ್ನುವುದಿಲ್ಲ. ಬೇಕು. ಆದರೆ ಬರೆದದ್ದನ್ನು ನಮ್ಮ ಭಾಷೆಯಲ್ಲಿ ನಮ್ಮ ಎದುರು ಓದಬೇಕು. ಏನು ಹೇಳಬಹುದು, ಏನು ಹೇಳಬಾರದು ಎಂದು ಆ ಕಾಗದದಲ್ಲೇ ಇರಬೇಕು. ಅಪೀಲು ನಾವು ಮಾಡುತ್ತೇವೆ — ತುಂಡು ಹೆಣೆದ ಪ್ರತಿಯೊಂದು ಮನೆಯ ಹೆಸರಿನಲ್ಲಿ. ನಾಳೆ ಬೆಳಿಗ್ಗೆ ಝಕರಿಯಾನ ದೋಣಿಯಲ್ಲಿ ಆ ಆಫೀಸಿಗೆ ಎಲ್ಲರೂ ಹೋಗುತ್ತೇವೆ. ಬಲೆ ಯಾರದ್ದು ಎಂದು ಕೇಳುತ್ತಾರೆ. ನನ್ನದು ಎಂದು ಒಬ್ಬೊಬ್ಬರೂ ಹೇಳಬೇಕು. ಹೆಂಗಸರೂ ಹೇಳಬೇಕು. ದಮ್ಮಯ್ಯ, ಯಾರನ್ನೂ ಮುಂದೆ ತಳ್ಳಬೇಡಿ.

ಇನ್ನು ಎಲ್ಲರೂ ಎದ್ದು ನಿಲ್ಲಿ. ಹಗ್ಗಕ್ಕೆ ನಿಲ್ಲುವ ಹಾಗೆ ಎರಡು ಸಾಲಾಗಿ ನಿಲ್ಲಿ. ಸೇಸಪ್ಪಣ್ಣ, ನೀವು ಮುಂದೆ ಬರಬೇಡಿ, ಸಾಲಿನಲ್ಲೇ ಇರಿ. ಸಂಕಪ್ಪನವರೇ, ನೀವೂ ಏಳಿ. ಆ ದೊಡ್ಡ ಬಾಯಿಯ ಮನುಷ್ಯನಿಗಾಗಿ ನಾವು ಸ್ವಲ್ಪ ಹೊತ್ತು ಬಾಯಿ ಮುಚ್ಚಿ ನಿಲ್ಲೋಣ. ಎಷ್ಟು ಹೊತ್ತು ಎಂದು ನಾನು ಹೇಳುವುದಿಲ್ಲ. ಸಾಕು ಎಂದು ಅಪ್ಪಿಯಕ್ಕ ಹೇಳುತ್ತಾರೆ. ಅವರ ಪರವಾಗಿ ಬೇರೆ ಯಾರೂ ಹೇಳಬೇಡಿ.