ಕಿತ್ತಳೆ ಸಿಪ್ಪೆಯ ಜೆಲ್ಲಿ

ಒಂದು ಮನೆಯ ನೆಮ್ಮದಿ ಜೆಲ್ಲಿಯ ಮೇಲೂ ನಿಂತಿರಬಲ್ಲದು ಎಂಬ ಗಂಭೀರ ಸತ್ಯ ಹೊನ್ನಯ್ಯನವರಿಗೆ ಹೊಳೆದದ್ದು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಟ ಬಸ್ಸಿನಲ್ಲಿ. ಮುಂದಿನ ಸೀಟಿನಲ್ಲಿ ಅತ್ತೆ, ಸೊಸೆ. ಅತ್ತೆಯ ಮಡಿಲಲ್ಲಿ ಮಗಳ ಮನೆಯ ದಸರಾ ಪಾರ್ಟಿಗೆ ಒಯ್ಯುತ್ತಿದ್ದ ಸ್ಟೀಲ್ ಡಬ್ಬಿ. ಅದರ ತುಂಬ ಕಿತ್ತಳೆ ಸಿಪ್ಪೆಯ ಬಟ್ಟಲುಗಳಲ್ಲಿ ಜೆಲ್ಲಿ.

“ಒಂದು ರುಚಿ ನೋಡ್ತೀನಿ ಕಣೆ.”

“ಬೇಡ ಅತ್ತೆ! ಅದ್ರಲ್ಲಿ... ರಮ್ ಇದೆ.”

“ಇರ್ಲಿ ಬಿಡು ಮಾರಾಯ್ತಿ. ನಿಮ್ಮಾವ ಶೀತ ಅಂತ ವರ್ಷವಿಡೀ ಕುಡೀತಿದ್ರು. ಆ ವಾಸನೆ ನಂಗೇನು ಹೊಸದಾ?”

ಮುಚ್ಚಳ ತೆರೆಯಿತು.

“ತಿನ್ಬೇಡಿ ಅತ್ತೆ. ಗಟ್ಟಿಯಾಗ್ಲಿ ಅಂತ ಜೆಲಾಟಿನ್ ಹಾಕಿದೀನಿ.”

“ಹಂಗಂದ್ರೆ?”

“ಮೂಳೆ ಬೇಯಿಸಿ ಮಾಡ್ತಾರಂತೆ.”

“ಮೊಟ್ಟೆ ಸೇರದ ಮನೆ ನಮ್ದು. ನಮ್ಮ ಒಲೆ ಮೇಲೇ ಕಾಯಿಸಿದ್ಯಾ?”

ಸೊಸೆ ಕೈ ಚಾಚಿ ಮುಚ್ಚಳ ಹಾಕಿದಳು.

ವಿದ್ಯಾನಗರದಲ್ಲಿ ಇಬ್ಬರೂ ಇಳಿದರು. ಡಬ್ಬಿ ಸೊಸೆಯ ಕೈಯಲ್ಲಿತ್ತು.