ಕದಲಲಾಗದ ರಾಜ

ದೊಡ್ಡಬಳ್ಳಾಪುರದಲ್ಲಿ ಪೆಟ್ರೋಲ್ ಸಿಗದ ಯುದ್ಧಕಾಲದ, ಇದ್ದಲಿನಿಂದ ಓಡುವ ಬಸ್ಸಿಗೆ ಕಾದು ಕುಳಿತಿದ್ದ ಪದ್ಮಾವತಿ, ಪಕ್ಕದ ಬೆಂಚಿನಲ್ಲಿ ಜಗಳವಾಡುತ್ತಿದ್ದ ಇಬ್ಬರು ಎಲ್ಲಿ ಕೈಕೈ ಮಿಲಾಯಿಸುತ್ತಾರೋ ಎಂದು ಹೆದರಿ ಚೀಲವನ್ನು ತೊಡೆಯ ಮೇಲೆಳೆದುಕೊಂಡಳು. ಅವರಲ್ಲಿ ಒಬ್ಬ ಅಪ್ಪಯ್ಯಣ್ಣ, ಇನ್ನೊಬ್ಬ ಅವನ ಅಕ್ಕನ ಮಗ ಪಿಳ್ಳಪ್ಪ. ಕ್ಲಬ್ಬಿನ ಚದುರಂಗ ಪಂದ್ಯದಲ್ಲಿ ಆಗತಾನೇ ಎದುರೆದುರು ಕೂತು ಆಡಿ ಬಂದಿದ್ದರು.

"ಕೊನೇಲಿ ಉಳಿದಿದ್ದ ನಿನ್ ಒಂಟಿ ರಾಜನಿಗೆ ಕಾಲಿಡೋಕೆ ಒಂದ್ ಮನೆ ಇತ್ತೇನೋ?"

"ಇರ್ಲಿಲ್ಲ ಮಾವ. ಆದ್ರೆ ನೀವು ಚೆಕ್ ಕೊಟ್ಟಿರ್ಲಿಲ್ವಲ್ಲ."

"ನಮ್ಮೂರ ಜಗಲೀಲಿ ಅಂಥವನನ್ನ ಸೋತ ಅಂತಾರೆ. ಇಲ್ಲಿ ಸಮ ಅಂತೆ! ಯಾವೂರ ನ್ಯಾಯ ಕಣೋ ಇದು?"

"ರೂಲ್ಸ್ ಪುಸ್ತಕದಲ್ಲಿ ಹಾಗೇ ಇದೆ."

"ಗೆದ್ದಿದ್ರೆ ಬೆಂಗಳೂರಿನ ಪಂದ್ಯಕ್ಕೆ ಹೋಗ್ತಿದ್ದೆ. ಈಗ ಭಾನುವಾರ ಮತ್ತೆ ನಿನ್ ಜೊತೆ ಆಡ್ಬೇಕು!"

"ಆಟಕ್ಕೆ ಮುಂಚೆ ಸೆಕ್ರೆಟರಿ ರೂಲ್ಸ್ ಓದೋಕೆ ಬಂದ್ರು. 'ಮೂವತ್ತು ವರ್ಷದಿಂದ ಆಡ್ತಿದೀನಿ, ನನಗೇ ಓದ್ತೀರಾ' ಅಂತ ಗದರಿ ಕೂರಿಸಿದ್ದು ಯಾರು?"

"ನಾನು ಗದರಿದ್ರೆ ಓದೋದು ನಿಲ್ಲಿಸಿಬಿಡೋದಾ ಅವನು?"

ಹೊಗೆ ಕಾರುತ್ತ ಬಸ್ಸು ಬಂತು. ಅಪ್ಪಯ್ಯಣ್ಣ ಎದ್ದು ಪಂಚೆ ಕೊಡವಿಕೊಂಡ.

"ಆ ಪುಸ್ತಕ ಈಗೆಲ್ಲಿದೆ?"

"ಇಸ್ಕೊಂಡು ಬಂದಿದೀನಿ ಮಾವ."

"ದಾರೀಲಿ ಓದಿ ಹೇಳು," ಎಂದ ಅಪ್ಪಯ್ಯಣ್ಣ, ಬಸ್ಸು ಹತ್ತುತ್ತ. "ಮೆಲ್ಲಗೆ ಓದೋ, ಜನ ಇರ್ತಾರೆ."