ಒಂದು ಬಡಿದರೆ ನಿಲ್ಲು, ಎರಡು ಬಡಿದರೆ ಹೊರಡು

ಹೇಳ್ತೀನಿ, ಆದರೆ ಮಧ್ಯದಲ್ಲಿ ಯಾರೂ ಎದ್ದು ಹೋಗೋ ಹಾಗಿಲ್ಲ. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಮಗನಿಗೇ ಆದದ್ದು.

ಅಣ್ಣ ಆಸ್ಪತ್ರೆಯಲ್ಲಿ ಡ್ರೈವರ್. ರೋಗಿಗಳನ್ನ ಕರ್ಕೊಂಡು ಬರೋ ಗಾಡಿ ಅಲ್ಲ… ತೀರಿಕೊಂಡವರನ್ನ ಅವರವರ ಮನೆಗೆ ಮುಟ್ಟಿಸೋ ವ್ಯಾನು. ಜೊತೆಯವರು ಅವನನ್ನ ಆಮೆ ಅಂತಾರೆ, ಅಷ್ಟು ನಿಧಾನ. "ನನ್ನ ಗಾಡೀಲಿ ಮಲಗಿದವರು ಒಬ್ಬರೂ ಇವತ್ತಿನವರೆಗೆ ಬೇಗ ಓಡ್ಸು ಅಂದಿಲ್ಲ" ಅಂತ ಅವನು ತಮಾಷೆ ಮಾಡ್ತಿದ್ದ. ಈಗ ಮಾಡಲ್ಲ. ಆ ರಾತ್ರಿ ಆದಮೇಲೆ ಬಿಟ್ಟ.

ಅವತ್ತು ಕೆಲಸ ಮುಗಿಸಿ ಮನೆಗೆ ನಡ್ಕೊಂಡು ಹೊರಟಿದ್ದ. ಆಸ್ಪತ್ರೆಯ ಹಿಂದುಗಡೆ ಒಂದು ಆಲದ ಮರ ಇದೆ. ಅದರ ಕೆಳಗೆ ದೀಪ ಇಲ್ಲ. ಒಣಗಿದ ಎಲೆ ಕಾಲಡಿ ಚರ್ ಚರ್ ಅನ್ನುತ್ತೆ, ನಮ್ಮ ಹೆಜ್ಜೆಯೋ ಹಿಂದೆ ಬರೋರ ಹೆಜ್ಜೆಯೋ ಗೊತ್ತಾಗಲ್ಲ. ಸರಿಯಾಗಿ ಅಲ್ಲೇ ಫೋನು ಬಡ್ಕೊಳ್ತು. ಆಸ್ಪತ್ರೆಯ ವಾಚ್‌ಮನ್. ಪಿಸುಮಾತಲ್ಲಿ ಮಾತಾಡ್ತಿದ್ದ.

"ವಾಪಸ್ ಬಾ. ದೂರದ ಕೇಸು."

"ಬೆಳಿಗ್ಗೆ ಹೋಗ್ತೀನಪ್ಪ. ಸಾಕಾಗಿದೆ."

"ಬೆಳಗಿನವರೆಗೆ ಆ ಹೆಂಗಸನ್ನ ಇಲ್ಲಿ ಕೂರಿಸೋಕೆ ನಂಗೆ ಧೈರ್ಯ ಇಲ್ಲ ಕಣೋ."

"ತುಂಬಾ ಅಳ್ತಿದ್ದಾರಾ?"

"ಇಲ್ಲ… ಅಳ್ತಾನೇ ಇಲ್ಲ."

ಅಣ್ಣ ತಿರುಗಿ ಹೋದ.

ಆಯಮ್ಮ ವಯಸ್ಸಾದವರು. ಸಣ್ಣ ದೇಹ. ಕೈಯಲ್ಲಿ ಕಾರಿನ ಬೀಗದಕೈ ಹಿಡ್ಕೊಂಡು ಬೆಂಚಿನ ತುದೀಲಿ ಕೂತಿದ್ರು. ಜೊತೆಗೆ ಯಾರೂ ಇಲ್ಲ. ಗಂಡ ಹೋಗಿದ್ದು ಅವತ್ತು ಮಧ್ಯಾಹ್ನ, ಹೆದ್ದಾರಿಯಲ್ಲಿ. ಅಣ್ಣನೂ ವಾಚ್‌ಮನ್ನೂ ಸೇರಿ ಐಸ್ ತುಂಬಿದ ಪೆಟ್ಟಿಗೆಯನ್ನ ವ್ಯಾನಿನೊಳಗೆ ತಳ್ಳಿದ್ರು. ಮುಚ್ಚಳದ ಕೊಂಡಿಗಳನ್ನ ಅಣ್ಣ ತಾನೇ ಹಾಕಿದ. ಹಿಂದಿನ ಬಾಗಿಲಿಗೆ ಬೀಗ ಜಡಿದ. ಆಯಮ್ಮ ಮುಂದಿನ ಸೀಟಿಗೆ ಬಂದು ಕೂತ್ರು.

ಊರು ದಾಟಿತು. ಆಮೇಲೆ ತಾವಾಗೇ ಶುರು ಮಾಡಿದ್ರು.

"ನಮ್ಮವರು ಬಸ್ ಕಂಡಕ್ಟರ್ ಆಗಿದ್ರು ತಮ್ಮ. ನೌಕರಿ ಪೂರ್ತಿ ಒಂದೇ ರೂಟು. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ. ಕೊನೇ ಸ್ಟಾಪಿನಿಂದ ಆಚೆಗೂ ರಸ್ತೆ ಹೋಗತ್ತಲ್ಲ, ಅದು ಎಲ್ಲಿಗೆ ಹೋಗತ್ತೆ ಅಂತ ನೋಡ್ಲೇ ಇಲ್ಲ. ಅಷ್ಟು ವರ್ಷ ಬಸ್ಸಲ್ಲಿದ್ದವರು ಒಂದಿನ ಕಿಟಕಿ ಪಕ್ಕ ಕೂತವರಲ್ಲ. ನಿಂತೇ ಇದ್ರು."

ಅಣ್ಣ ಹೂಂ ಅಂದ.

"ನಾನು ಅಂಗಿ ಗುಂಡಿ ಮಾಡೋ ಕಾರ್ಖಾನೇಲಿ ಇದ್ದೆ. ಅವರ ಬಸ್ಸಿಗೇ ಹೋಗ್ತಿದ್ದೆ. ನಾನು ಯಾವತ್ತೂ ಲೇಟು. ಓಡೋಡಿ ಬರ್ತಿದ್ದೆ. ನಾನು ಹತ್ತೋವರೆಗೂ ರೈಟ್ ಹೇಳ್ತಿರ್ಲಿಲ್ಲ ಪುಣ್ಯಾತ್ಮ. ಜನ ಬೈತಿದ್ರು. ಹಾಗೇ ಮದುವೆ ಆಗಿದ್ದು ನಾವು."

ಅಲ್ಲಿ ಸ್ವಲ್ಪ ನಕ್ಕರಂತೆ. ಇಬ್ಬರೂ ಕೆಲಸದಿಂದ ರಿಟೈರ್ ಆದ ಮೇಲೆ ಒಂದು ಹಳೇ ಕಾರು ತಗೊಂಡ್ರು. ಆಯಮ್ಮ ಆ ವಯಸ್ಸಲ್ಲಿ ಡ್ರೈವಿಂಗ್ ಕಲಿತ್ರು. ಗಂಡನಿಗೆ ಕಿಟಕಿ ಸೀಟು. ಸಮುದ್ರ ನೋಡಬೇಕು ಅಂತ ಹೊರಟ್ರು. ಇಬ್ಬರೂ ನೋಡಿರಲಿಲ್ಲ. ನೇರ ಹೋದ್ರೆ ಬೇಗ ಸಿಗುತ್ತೆ, ಆದರೆ ನೇರ ಹೋಗೋದು ಯಾರಿಗೆ ಬೇಕಿತ್ತು.

"ಎಂಥಾ ಸುಖ ಗೊತ್ತಾ ತಮ್ಮ ಅದು. ಗಡಿಯಾರ ಬಿಚ್ಚಿ ಡಬ್ಬಿಗೆ ಹಾಕ್ಬಿಟ್ರು. ಎಲ್ಲಿ ಮನಸ್ಸಾಯ್ತೋ ಅಲ್ಲಿ ಇಳಿಯೋದು. ರಸ್ತೆ ಬದಿಯ ಬೋರ್ಡಲ್ಲಿ ಒಂದೊಂದು ಊರಿನ ಹೆಸರು ಬಂದಾಗ್ಲೂ ಜೋರಾಗಿ ಓದೋರು, ಟಿಕೆಟ್ ಕೂಗೋ ಹಾಗೆ. ನಮ್ಮನ್ನ ಕಂಡು ಕೇಳರಿಯದ ಜನ, ಕೂರಿ ಅಂತ ಕುರ್ಚಿ ಹಾಕೋರು. ಒಂದು ಕಡೆ ಮಳೆ ಸುರೀತಿದ್ರೆ, ತಿರುವು ದಾಟಿದ್ರೆ ಬಿಸಿಲು. ಇಷ್ಟೆಲ್ಲ ಇತ್ತಾ ಅಂತ ಮಗು ಥರ ಕೇಳೋರು. ಬೇಕಾದಲ್ಲಿ ನಿಲ್ಸೋಕೆ ಕಿಟಕಿಯಿಂದ ಕೈ ಹಾಕಿ ಬಾಗಿಲು ಬಡಿಯೋದು. ಒಂದು ಬಡಿದ್ರೆ ನಿಲ್ಲು. ಎರಡು ಬಡಿದ್ರೆ ಹೊರಡು. ಕಂಡಕ್ಟರ್ ಬುದ್ಧಿ ಎಲ್ಲಿ ಹೋಗತ್ತೆ."

ಆಮೇಲೆ ಕಾರಿನ ಬೀಗದಕೈಯನ್ನ ಬೆರಳಲ್ಲಿ ತಿರುಗಿಸ್ತಾ ಕೂತ್ರು. ವ್ಯಾನಲ್ಲಿ ರೇಡಿಯೋ ಇರಲಿಲ್ಲ. ಚಕ್ರದ ಸದ್ದು ಬಿಟ್ಟರೆ ಏನಿಲ್ಲ.

"ಇವತ್ತೂ ಬಡಿದ್ರು. ಒಂದೇ ಸಲ. ನಿಲ್ಸಿದೆ. ಏನು ಕಂಡ್ತು ರೀ ಅಂತ ಕೇಳ್ದೆ… ನಗ್ತಾನೇ ಕೇಳ್ದೆ ತಮ್ಮ. ಮತ್ತೆ ಮತ್ತೆ ಕೇಳ್ದೆ."

ಅಣ್ಣ ಗಾಡಿಯ ವೇಗ ಇನ್ನೂ ತಗ್ಗಿಸಿದ.

ಸ್ವಲ್ಪ ದೂರಕ್ಕೆ ರಸ್ತೆ ಎರಡಾಗುತ್ತೆ. ಎಡಕ್ಕೆ ಹೋದ್ರೆ ಅವರ ಮನೆ. ಬಲಕ್ಕೆ ಸಮುದ್ರ. ಆಯಮ್ಮ ಬೋರ್ಡು ನೋಡಿದ್ರು. "ಆ ಕಡೆ ಹೋಗೋಣ್ವಾ?" ಅಂದ್ರು. ಕೇಳಿದ ಹಾಗೂ ಇರಲಿಲ್ಲ, ತಮ್ಮಷ್ಟಕ್ಕೆ ಅಂದುಕೊಂಡ ಹಾಗಿತ್ತು.

"ಹಾಗೆಲ್ಲ ಆಗಲ್ಲಮ್ಮ. ನಿಮ್ಮ ಭಾವನವರು ಆಗಲೇ ಎಷ್ಟು ಸಲ ಫೋನ್ ಮಾಡಿದ್ರು. ಎಲ್ಲ ಕಾಯ್ತಿದ್ದಾರೆ. ಐಸು ಕರಗತ್ತೆ."

ಅಣ್ಣ ಎಡಕ್ಕೆ ತಿರುಗಿಸಿದ.

ಧಬ್.

ಹಿಂದಿನಿಂದ ಬಂತು. ಪೆಟ್ಟಿಗೆ ಜಾರಿತು ಅಂದುಕೊಂಡ. ವ್ಯಾನು ನಿಲ್ಲಿಸಿ, ಟಾರ್ಚ್ ಹಿಡಿದು, ಬೀಗ ತೆಗೆದು ನೋಡಿದ. ಪೆಟ್ಟಿಗೆ ಇಟ್ಟಲ್ಲೇ ಇತ್ತು. ಕೊಂಡಿಗಳು ಬಿಗಿಯಾಗಿದ್ವು. ಐಸ್ ನೀರು ಮಾತ್ರ ತೊಟ್… ತೊಟ್… ಅಂತ ತಗಡಿನ ಮೇಲೆ ಬೀಳ್ತಿತ್ತು. ಮತ್ತೆ ಬೀಗ ಹಾಕಿ ಬಂದು ಕೂತ.

ಗಾಡಿ ವೇಗ ಹಿಡೀತು.

ಧಬ್.

ಈ ಸಲ ಅಣ್ಣ ಸರಿಯಾಗಿ ಕೇಳಿಸ್ಕೊಂಡ. ಪೆಟ್ಟಿಗೆಯ ಸದ್ದಲ್ಲ ಅದು. ಒಳಗಿನದೇ ಅಲ್ಲ. ಯಾರೋ ಅಂಗೈ ಬಿಚ್ಚಿ ವ್ಯಾನಿನ ಪಕ್ಕದ ತಗಡಿಗೆ ಬಡಿದ ಹಾಗೆ… ಹೊರಗಿನಿಂದ. ಓಡೋ ಗಾಡಿಗೆ. ಅಣ್ಣ ಕನ್ನಡಿಯಲ್ಲಿ ನೋಡಲಿಲ್ಲವಂತೆ. ನೋಡೋಕೆ ಆಗ್ಲಿಲ್ಲ ಅಂತಾನೆ. ಕುತ್ತಿಗೆ ಆ ಕಡೆ ತಿರುಗಲೇ ಇಲ್ಲ.

"ನಿಲ್ಲಿಸು ಅಂತಿದ್ದಾರೆ," ಆಯಮ್ಮ ಮೆಲ್ಲಗೆ ಅಂದ್ರು.

"ಕಲ್ಲು ಸಿಡೀತಿರಬೇಕು ಅಮ್ಮ."

"ತಮ್ಮ… ಆ ಕೈ ನಂಗೆ ಗೊತ್ತು."

ಅಣ್ಣ ಆಕ್ಸಿಲರೇಟರ್ ಒತ್ತಿದ. ಆಮೆ ಅನ್ನಿಸ್ಕೊಂಡವನು ಅವತ್ತು ಕಣ್ಣುಮುಚ್ಚಿ ಓಡಿಸಿದ. ಧಬ್. ಸ್ವಲ್ಪ ಬಿಟ್ಟು, ಧಬ್. ಕೋಪದ ಏಟಲ್ಲ ಅದು. ಇಳಿಯೋರು ಇದ್ದಾರೆ ಅಂತ ಸಮಾಧಾನವಾಗಿ ಹೇಳೋ ಏಟು. ಅದಕ್ಕೇ ಇನ್ನೂ ಭಯ.

ನದಿಯ ಮೇಲೆ ಒಂದು ಉದ್ದದ ಸೇತುವೆ. ಅಲ್ಲಿಗೆ ಬರುವಾಗ ಆಯಮ್ಮ ಬಾಯಿಗೆ ಸೆರಗು ಒತ್ತಿ, ಹೊಟ್ಟೆ ತೊಳೆಸ್ತಿದೆ, ನಿಲ್ಸು ಅಂದ್ರು. ಅಣ್ಣ ನಿಲ್ಲಿಸಿದ. ಇಳಿದ್ರು. ಕಂಬಿ ಹಿಡ್ಕೊಂಡು ಬಗ್ಗಿದ್ರು. ಅಣ್ಣ ಮರ್ಯಾದೆಗೆ ಮುಖ ಆ ಕಡೆ ಮಾಡಿಕೊಂಡ. ಕೆಳಗೆ ನೀರು ಕಲ್ಲಿಗೆ ಬಡಿದು ಬುಸ್ ಅನ್ನೋದು ಕೇಳ್ತಿತ್ತು. ತಿರುಗಿ ನೋಡೋ ಹೊತ್ತಿಗೆ ಆಯಮ್ಮನ ಚಪ್ಪಲಿ ರಸ್ತೆಯಲ್ಲಿತ್ತು. ಆಯಮ್ಮ ಕಂಬಿಯ ಆಚೆ ಇದ್ರು.

"ಅಮ್ಮ… ಬೇಡಮ್ಮ. ಈ ಕಡೆ ಬನ್ನಿ."

"ನೀನು ಹೊರಡು ತಮ್ಮ. ಅವರನ್ನ ಮನೆಗೆ ಮುಟ್ಟಿಸು."

"ನಿಮ್ಮನ್ನ ಬಿಟ್ಟು ಹೇಗಮ್ಮ ಹೋಗ್ಲಿ."

"ಹೋಗಿ ನಾನೇನು ಮಾಡ್ಲಿ ಹೇಳು. ಬಾಗಿಲು ತೆಗೀಬೇಕು, ದೀಪ ಹಾಕ್ಬೇಕು… ಒಬ್ಬಳಿಗೆ ಅನ್ನ ಇಡ್ಬೇಕು. ಅಯ್ಯೋ, ನಂಗಾಗಲ್ಲಪ್ಪ. ದಾರಿ ಮುಗಿದ್ಮೇಲೆ ಮನೆ ಯಾಕೆ?"

ಅಣ್ಣ ಒಂದು ಹೆಜ್ಜೆ ಇಟ್ರೆ ಆಯಮ್ಮ ಒಂದು ಕೈ ಬಿಡ್ತಿದ್ರು. ಇವನು ನಿಂತುಬಿಟ್ಟ. ಕೈ ಮುಗಿದ. ನನಗೂ ತಾಯಿ ಇದ್ದಾಳೆ ಅಂದ, ನನ್ನ ಕೆಲಸ ಹೋಗುತ್ತೆ ಅಂದ, ಬಾಯಿಗೆ ಬಂದದ್ದೆಲ್ಲ ಅಂದ. ಆಯಮ್ಮ ಕೇಳಿಸ್ಕೊಳ್ತಾನೇ ಇಲ್ಲ. ನೀರು ನೋಡ್ತಿದ್ರು.

ಆಗ… ಹಿಂದಿನಿಂದ.

ಧಬ್ ಧಬ್.

ಸ್ವಲ್ಪ ತಡೆದು ಮತ್ತೆ. ಧಬ್ ಧಬ್. ಬಸ್ಸು ತುಂಬಿದೆ, ಎಲ್ಲ ಬೈತಿದ್ದಾರೆ, ಒಬ್ಬಳು ಮಾತ್ರ ಹತ್ತಬೇಕು ಅನ್ನೋ ಹಾಗೆ.

ಆಯಮ್ಮ ತಿರುಗಿದ್ರು. ಆ ಮುಖದಲ್ಲಿ ಸಾವೂ ಇರಲಿಲ್ಲ, ಅಳೂ ಇರಲಿಲ್ಲವಂತೆ. ಹೊತ್ತಾಯ್ತು ಅನ್ನೋ ಗಾಬರಿ ಮಾತ್ರ.

"ಬಂದೆ, ಬಂದೆ… ಇರಿ," ಅಂದ್ರು. ಅಂದು, ಕಂಬಿ ದಾಟಿ ಈಚೆ ಬಂದು, ಬರಿಗಾಲಲ್ಲಿ ಓಡೋಡಿ ಬಂದು ವ್ಯಾನು ಹತ್ತಿ ಕೂತ್ರು. ಉಸಿರು ಮೇಲಕ್ಕೆ ಹತ್ತಿತ್ತು.

ಅಣ್ಣ ಚಪ್ಪಲಿ ಎತ್ತಿ ತಂದು ಅವರ ಕಾಲ ಹತ್ತಿರ ಇಟ್ಟ. ಫೋನು ಮತ್ತೆ ಬಡ್ಕೊಳ್ತಿತ್ತು. ಅದನ್ನ ಆರಿಸಿ ಜೇಬಿಗೆ ಹಾಕಿದ. ಸೇತುವೆ ಮೇಲೇ ಗಾಡಿ ತಿರುಗಿಸಿದ.

ಧಬ್ ಧಬ್.

"ರೈಟ್," ಅಂದ್ರು ಆಯಮ್ಮ.

ಆಮೇಲಿನ ದಾರಿ ಹೇಗಿತ್ತು ಅಂತ ಕೇಳಿದ್ರೆ ಅಣ್ಣ ಸುಮ್ಮನೆ ತಲೆ ಅಲ್ಲಾಡಿಸ್ತಾನೆ. ಅದೇ ರಸ್ತೆಯಲ್ಲಿ ವರ್ಷಗಟ್ಟಲೆ ವ್ಯಾನು ಓಡಿಸಿದವನು ಅವನು. ಗುಂಡಿ ಬಿಟ್ಟು ಬೇರೇನೂ ನೋಡಿರಲಿಲ್ಲ. ಅವತ್ತು ಒಂದು ಏಟು ಬಿದ್ದಲ್ಲೆಲ್ಲ ನಿಲ್ಲಿಸಿದ. ಒಂದು ಕಡೆ ನಿಲ್ಲಿಸಿದ್ರೆ ಕೆಳಗೆ ಕಣಿವೆ ತುಂಬಾ ಮಂಜು, ನಡುವೆ ಎಲ್ಲೋ ಒಂದೇ ಒಂದು ಮನೆಯ ದೀಪ. ಇನ್ನೊಂದು ಕಡೆ ಒಂದು ರೈಲು, ಕಿಟಕಿಗಳೆಲ್ಲ ಹಳದಿ, ರಸ್ತೆಯ ಜೊತೆಗೇ ಸ್ವಲ್ಪ ದೂರ ಓಡಿ ಬೇರೆ ಕಡೆ ಹೋಯ್ತು. ಒಂದು ಕಡೆ ಏನೂ ಇರಲಿಲ್ಲ. ಗಾಳಿ ಇತ್ತು. ಆಯಮ್ಮ ಗಾಜು ಪೂರ್ತಿ ಇಳಿಸಿ, ದೀಪದ ಬೆಳಕಿಗೆ ಬಂದ ಬೋರ್ಡುಗಳನ್ನೆಲ್ಲ ಜೋರಾಗಿ ಓದ್ತಾ ಬಂದ್ರು. ಒಂದು ವಿಚಿತ್ರ ಹೆಸರಿಗೆ ಇಬ್ಬರೂ ನಕ್ಕರು. ಹೆಣ ಹೊತ್ತ ಗಾಡಿಯಲ್ಲಿ, ಅಂಥಾ ಹೊತ್ತಲ್ಲಿ ನಕ್ಕೆ ಕಣೋ ನಾನು, ಅಂತಾನೆ ಅಣ್ಣ. ಈ ದಾರಿ ಮುಗೀದೇ ಹೋಗ್ಲಿ ಅಂತ ನನಗೂ ಅನ್ನಿಸ್ತು ಅಂತಾನೆ.

ಆದರೆ ಮುಗೀತು. ಆಕಾಶ ಬೂದಿ ಬಣ್ಣಕ್ಕೆ ತಿರುಗೋ ಹೊತ್ತಿಗೆ ಟಾರು ಮುಗಿದು ಮರಳು ಶುರುವಾಯ್ತು. ಅಣ್ಣ ವ್ಯಾನಿನ ಹಿಂಭಾಗ ನೀರಿನ ಕಡೆಗೆ ಬರೋ ಹಾಗೆ ತಿರುಗಿಸಿ ನಿಲ್ಲಿಸಿದ. ಇಂಜಿನ್ ಆರಿಸಿದ. ಇಳಿದು ಹಿಂದಿನ ಬಾಗಿಲುಗಳನ್ನ ಅಗಲವಾಗಿ ತೆರೆದ. ಅಲೆ ಬಂದು ಹೋಗೋ ಸದ್ದು ಪೆಟ್ಟಿಗೆಯವರೆಗೂ ಬರ್ತಿತ್ತು.

"ರೀ… ನೋಡಿ," ಅಂದ್ರು ಆಯಮ್ಮ.

ಧಬ್.

ಒಂದೇ.

ಆಯಮ್ಮ ಕಾದ್ರು. ಅಣ್ಣನೂ ಕಾದ. ಸೂರ್ಯ ಪೂರ್ತಿ ಮೇಲೆ ಬಂದ. ಮೀನಿನ ದೋಣಿಗಳು ದಡಕ್ಕೆ ಬಂದವು, ಜನ ಬಂದು ನೋಡಿ ದೂರ ಸರಿದ್ರು. ಎರಡನೇ ಏಟು ಬೀಳಲಿಲ್ಲ.

"ಇಳಿದುಬಿಟ್ರಾ?" ಅಂತ ಕೇಳಿದ್ರು ಆಯಮ್ಮ. ಅಣ್ಣನನ್ನೇ ಕೇಳಿದ್ರು. ಇವನು ಮೆಲ್ಲಗೆ ಹಿಂದಿನ ಬಾಗಿಲು ಮುಚ್ಚಿದ.

ವಾಪಸ್ ಬರುವಾಗ ಆಯಮ್ಮ ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲು ಬಡೀತಾ ಬಂದ್ರು. ಒಂದು ಸಲ ಬಡಿಯೋದು, ಕಿವಿ ಕೊಟ್ಟು ಕೂರೋದು. ಮತ್ತೆ ಬಡಿಯೋದು. ಮೊದಲು ಮೆಲ್ಲಗೆ. ಆಮೇಲೆ ಅಂಗೈ ಕೆಂಪಾಗೋ ಹಾಗೆ. ಒಂದಾದ್ರೂ ಹೊಡೀರಿ, ಸಣ್ಣದೊಂದು, ಕೇಳಿಸದೇ ಇದ್ರೂ ಪರವಾಗಿಲ್ಲ, ಅಂತ ಗೋಗರೀತಿದ್ರು. ಅಣ್ಣ ಒಂದೆರಡು ಸಲ ಆ ಕೈ ಹಿಡಿದು ಒಳಗೆ ಇಟ್ಟ. ಮತ್ತೆ ಹೋಗ್ತಿತ್ತು. ಮನೆಯ ಬೀದಿ ಬರೋವರೆಗೂ ಆ ಸದ್ದು ನಿಲ್ಲಲಿಲ್ಲ. ದೆವ್ವದ ಏಟಿಗಿಂತ ಆ ಏಟು ಕೇಳೋದು ಕಷ್ಟವಾಗಿತ್ತು, ಅಂತಾನೆ.

ಮನೆ ಮುಂದೆ ಜನ ಸೇರಿದ್ರು. ಆಯಮ್ಮನ ಭಾವ, ಸತ್ತವರಿಗಿಂತ ಹಿರಿಯರು, ಕೆಂಡವಾಗಿದ್ರು. ಎಲ್ಲಿ ಹಾಳಾಗಿ ಹೋಗಿದ್ದೆ ಅಂತ ಅಣ್ಣನ ಕಾಲರಿಗೇ ಕೈ ಹಾಕಿದ್ರು. ಪೆಟ್ಟಿಗೆಯನ್ನ ನಡುಮನೆಗೆ ತಂದು ಇಳಿಸಿದ್ರು. ಕೊಂಡಿಗಳು ಇವನು ಹಾಕಿದ ಹಾಗೇ ಇದ್ವು. ಒಂದೊಂದಾಗಿ ತಾನೇ ತೆಗೆದ. ಮುಖಕ್ಕೆ ಸುತ್ತಿದ ಬಿಳಿ ಬಟ್ಟೆ, ಆಸ್ಪತ್ರೆಯವರು ಕಟ್ಟಿದ ಗಂಟು, ಅದೂ ಹಾಗೇ ಇತ್ತು. ಆ ಹಿರಿಯರೇ ಗಂಟು ಬಿಚ್ಚಿ ಬಟ್ಟೆ ಸರಿಸಿದ್ರು. ಬೈತಿದ್ದವರು ಬೈಯೋದು ನಿಲ್ಲಿಸಿದ್ರು.

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನಾನು ಅಣ್ಣನ ಮಾತಿನ ಮೇಲೆ ಮಾತ್ರ ಹೇಳ್ತಿಲ್ಲ. ಆ ಹಿರಿಯರನ್ನೂ ಹೋಗಿ ಕೇಳಿ ಬಂದವನು ನಾನು. ಇಬ್ಬರೂ ಹೇಳಿದ್ದು ಒಂದೇ. ಐಸಿನ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಮಲಗಿದ್ದ ಮನುಷ್ಯನ ತಲೆಕೂದಲು ಒಣಗಿತ್ತು. ಗಾಳಿಗೆ ಪೂರ್ತಿ ಹಿಂದಕ್ಕೆ ಹಾರಿ, ಹಾಗೇ ನಿಂತಿತ್ತು. ಮುಖದ ಮೇಲೆ ರಸ್ತೆಯ ಧೂಳು. ಬಲಗಡೆ ಹುಬ್ಬಿನ ಕೂದಲಲ್ಲಿ ಒಂದು ಸಣ್ಣ ಹಸಿರು ಹುಳ ಸಿಕ್ಕಿಕೊಂಡಿತ್ತು. ಅದಕ್ಕಿನ್ನೂ ಜೀವ ಇತ್ತು.